ಹೊಳೆಯಿಲ್ಲದ ಸೀಮೆಯ ಕೊಳಚೆ ನೀರು

ಬೆಂಗಳೂರಿನ ಉತ್ತರಕ್ಕಿರುವ ಹುಣಸಮಾರನಹಳ್ಳಿಯ ಸುತ್ತ ಬಡಾವಣೆಗಳು ಏಳುತ್ತಿವೆ, ಬೋರ್‌ವೆಲ್‌ಗಳು ಆಳಕ್ಕೆ ಇಳಿಯುತ್ತಿವೆ. ನಾವು ಬಳಸಿ ಬಿಟ್ಟ ನೀರು ಏನಾಗುತ್ತದೆ ಎಂಬ ಬಗ್ಗೆ ಕೇಳಿಬರುವ ಕೆಲವು ಮಾತುಗಳನ್ನು ತಿದ್ದಬೇಕಿದೆ.

ತಪ್ಪು ಕಲ್ಪನೆ: ನಮ್ಮ ಕಡೆ ನದಿಯೇ ಇಲ್ಲ, ನದಿ ಕೆಡುವ ಮಾತೆಲ್ಲಿ ಬಂತು?

ವಾಸ್ತವ: ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಕೋಡಿ ನೀರು ಹೆಬ್ಬಾಳ–ನಾಗವಾರ ಕಣಿವೆಗೆ ಇಳಿದು, ಎಲೆ ಮಲ್ಲಪ್ಪ ಶೆಟ್ಟಿ ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿ ಮಳೆ ಬಿದ್ದರಷ್ಟೇ ತುಂಬುವಂಥದು. ಬೇಸಿಗೆಯಲ್ಲಿ ಅದರಲ್ಲಿ ಹರಿಯುವುದು ಬಹುಮಟ್ಟಿಗೆ ಬೆಂಗಳೂರು ಬಿಟ್ಟ ನೀರೇ. ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ಏಳುವ ನೊರೆಗೆ ಕಾರಣ ಮೇಲಿನಿಂದ ಹರಿದುಬರುವ ಕೊಳಚೆ.

ತಪ್ಪು ಕಲ್ಪನೆ: ಕೊಳಚೆ ನೀರು ಸಂಸ್ಕರಣಾ ಘಟಕದಿಂದ (ಎಸ್‌ಟಿಪಿ) ಹೊರಬಂದ ನೀರು ತಿಳಿಯಾಗಿದೆ, ಅಂದಮೇಲೆ ಶುದ್ಧ.

ವಾಸ್ತವ: ಸಾಮಾನ್ಯ ಘಟಕದಲ್ಲಿ ಮೊದಲು ಜಾಲರಿ ಕಸ ತಡೆಯುತ್ತದೆ, ಮರಳು ತಳ ಸೇರುತ್ತದೆ. ಆಮೇಲೆ ಎರಡನೇ ಹಂತದಲ್ಲಿ, ಗಾಳಿ ಊದುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಕೆಸರಾಗಿ ಕೂರುತ್ತವೆ. ಕರಗಿದ ಲವಣ ಮಾತ್ರ ನೀರಿನಲ್ಲೇ ಉಳಿಯುತ್ತದೆ. ಬೇರೆ ವ್ಯವಸ್ಥೆ ಇಲ್ಲದಿದ್ದರೆ ಸಾರಜನಕ, ರಂಜಕವೂ ಸಾಕಷ್ಟು ಉಳಿಯುತ್ತವೆ. ಕೆರೆ ತುಂಬ ಅಂತರಗಂಗೆ, ಪಾಚಿ ಹಬ್ಬುವುದು ಇವನ್ನೇ ಉಂಡು.

ನೀರಿನಲ್ಲಿ ಎಷ್ಟು ಕೊಳೆ ಉಳಿದಿದೆ ಎಂಬುದನ್ನು, ಅದನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ, ಬಿಒಡಿ ಎಂದು ಅಳೆಯುತ್ತಾರೆ. ಎಸ್‌ಟಿಪಿ ಬಿಡುವ ನೀರಿನಲ್ಲಿ ಇದು ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ಸ್ನಾನಕ್ಕೆ ಯೋಗ್ಯವಾದ ನದಿಗೆ ಇರುವ ಮಿತಿ 3. ತುಂಬಿ ಹರಿಯುವ ಹೊಳೆಯಾದರೆ ಬೆರೆತು 3ಕ್ಕೆ ಇಳಿದೀತು. ಪಿನಾಕಿನಿಯಲ್ಲಿ ಬೇಸಿಗೆಗೆ ಬೆರೆಯಲು ನೀರೆಲ್ಲಿದೆ? ಮಲೆನಾಡಿಗೆ ಸಾಕಾಗುವ ಸಂಸ್ಕರಣೆ ಬಯಲುಸೀಮೆಗೆ ಸಾಲದು. ನಮ್ಮಲ್ಲಿ ಮಿತಿ ಇನ್ನೂ ಬಿಗಿಯಾಗಿರಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ: ಹಾಗಾದರೆ ಆ ನೀರನ್ನು ಮುಟ್ಟಲೇಬಾರದು.

ವಾಸ್ತವ: ಹಾಗೆ ಕೈಬಿಡುವಷ್ಟು ನೀರು ನಮ್ಮಲ್ಲಿಲ್ಲ. ಜಕ್ಕೂರಿನಲ್ಲಿ ಎಸ್‌ಟಿಪಿ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸಾಗಿ, ಆಮೇಲೆ ಕೆರೆ ಸೇರುತ್ತದೆ. ಉಳಿದ ಪೋಷಕಾಂಶಗಳಲ್ಲಿ ಒಂದಷ್ಟನ್ನು ಗಿಡಗಳು ಹೀರಿಕೊಳ್ಳುತ್ತವೆ. ಯಲಹಂಕದಲ್ಲಿ ಮೂರನೇ ಹಂತದವರೆಗೆ, ಅಂದರೆ ಮತ್ತೊಮ್ಮೆ ಸೋಸಿ, ಸಂಸ್ಕರಿಸಿದ ನೀರು ರೈಲು ಗಾಲಿ ಕಾರ್ಖಾನೆಗೆ, ವಿಮಾನ ನಿಲ್ದಾಣಕ್ಕೆ ಹೋಗಿದೆ. ಹೆಬ್ಬಾಳ–ನಾಗವಾರ ಯೋಜನೆ ದಿನಕ್ಕೆ 21 ಕೋಟಿ ಲೀಟರ್ ನೀರನ್ನು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸಲೆಂದು ರೂಪುಗೊಂಡದ್ದು. ಆದರೆ ಸಂಸ್ಕರಣೆಯನ್ನು ಎರಡನೇ ಹಂತಕ್ಕೆ ನಿಲ್ಲಿಸಿದರೆ ಕಾವಲು ಸಡಿಲವಾಗಬಾರದು. ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ 2018ರ ಜುಲೈನಲ್ಲಿ ನೊರೆ ಎದ್ದು, ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಅಲ್ಲಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಯೋಜನೆಗೆ ಹೈಕೋರ್ಟ್ ತಡೆ ಕೊಟ್ಟಿತ್ತು. ಅಲ್ಲಿನ ರೈತರು ಮೂರನೇ ಹಂತದ ಸಂಸ್ಕರಣೆ ಕೇಳುವುದು ನ್ಯಾಯವಾದದ್ದೇ.

ತಪ್ಪು ಕಲ್ಪನೆ: ಶೌಚಾಲಯಕ್ಕೆ ಪಿಟ್ ಗುಂಡಿ ಇದ್ದರೆ ಚಿಂತೆಯಿಲ್ಲ, ಬೋರ್‌ವೆಲ್ ನೀರನ್ನು ಕುದಿಸಿ ಕುಡಿದರಾಯಿತು.

ವಾಸ್ತವ: ಒಳಚರಂಡಿ (ಯುಜಿಡಿ) ಇಲ್ಲದ ಕಡೆ ಗುಂಡಿಯಿಂದ ಇಂಗುವ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮನೆಯಲ್ಲಿ ಕೂಸಿದ್ದರೆ ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೈಟ್ರೇಟ್ ಪರೀಕ್ಷೆ ಮಾಡಿಸಿ.