ಮೂರು ನಟ್ಟು ಇವೆ, ಇನ್ನೊಂದೆಲ್ಲಿ?

ಮನೆಯ ಕಾರಿನ ಚಕ್ರ ಬದಲಿಸುವಾಗ ಪುಟ್ಟ ತಮ್ಮನೋ ತಂಗಿಯೋ ಬಂದು ಇಣುಕಿದರೆ 'ಆಚೆ ಹೋಗು' ಎಂದು ಗದರಿಸುತ್ತೀರಲ್ಲವೆ? ನಾನೂ ಹಾಗೆಯೇ ಮಾಡುತ್ತಿದ್ದೆ. ಒಂದು ಭಾನುವಾರ ನಮ್ಮ ಹಳೆಯ ಮಾರುತಿ 800ರ ಚಕ್ರ ಪಂಕ್ಚರಾದಾಗ, ಆರು ವರ್ಷದ ಮಗಳ ಕೈಗೊಂದು ತಟ್ಟೆ ಕೊಟ್ಟು ನಟ್ಟುಗಳನ್ನು ಕಾಯುವ ಕೆಲಸ ವಹಿಸಿದೆ.

"ಕಾರು ಎತ್ತೋದಕ್ಕೆ ಮೊದಲೇ ನಟ್ಟು ಯಾಕಪ್ಪಾ ಸಡಿಲ ಮಾಡ್ತೀಯ?"

ವಿಜ್ಞಾನದ ಪದವೀಧರನಾದ ನಾನು ಕ್ಷಣಕಾಲ ತಡವರಿಸಿದೆ! ಚಕ್ರ ನೆಲದ ಮೇಲಿದ್ದಾಗ ಟೈರಿಗೂ ನೆಲಕ್ಕೂ ಇರುವ ಘರ್ಷಣೆ ಅದನ್ನು ತಿರುಗಗೊಡದು. ನಾವು ಹಾಕಿದ ಬಲ ನಟ್ಟಿಗೇ ಸಲ್ಲುತ್ತದೆ. ಎತ್ತಿದ ಮೇಲೆ ಬಲ ಹಾಕಿದರೆ ಚಕ್ರವೇ ತಿರುಗೀತು, ಕಾರು ಜಾಕಿನಿಂದ ಜಾರಲೂಬಹುದು. ಸ್ಪ್ಯಾನರನ್ನು ಒಮ್ಮೆ ನಡುವೆ, ಒಮ್ಮೆ ತುದಿಯಲ್ಲಿ ಹಿಡಿದು ಒತ್ತಲು ಮಗುವಿಗೆ ಹೇಳಿ. ಸನ್ನೆಯ ತತ್ವ ಅಂಗೈಗೇ ತಿಳಿಯುತ್ತದೆ.

ನೆಲ ಸಮತಟ್ಟಾಗಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಹಿರಿಯರೊಬ್ಬರು ಜೊತೆಗಿರಲೇಬೇಕು. ಜಾಕು ಏರಿದಾಗ ಮಗು ನಾಲ್ಕು ಹೆಜ್ಜೆ ದೂರವಿರಬೇಕು. ಕಾರಿನಡಿ ಯಾರೂ ಕೈ ತೂರಿಸಕೂಡದು.

ಸ್ಟೆಪ್ನಿ ಕೂರಿಸಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು, ಆಗಲೇ ಚಕ್ರ ಓರೆಯಾಗದು. ನಾನು ತಟ್ಟೆ ನೋಡಿದರೆ ನಾಲ್ಕರಲ್ಲಿ ಮೂರೇ! ದನಿ ಏರಿಸುವಷ್ಟರಲ್ಲಿ ಅವಳು ಮುಷ್ಟಿ ಬಿಚ್ಚಿದಳು.

"ಉರುಳಿ ಹೋಗ್ತಿತ್ತಪ್ಪಾ, ಅದಕ್ಕೇ ಹಿಡ್ಕೊಂಡಿದ್ದೆ."