ವಾದ್ಯಗಳನ್ನು ಧ್ವನಿಪ್ರವರ್ಧಕಕ್ಕೆ ಜೋಡಿಸುವ ಕ್ರಮ

ವಿಟ್ಲ ಸೀಮೆಯಲ್ಲಿ ಯಕ್ಷಗಾನ ಬಯಲಾಟಕ್ಕಾಗಲಿ ಸಂಗೀತ ಸಭೆಗಾಗಲಿ ಪ್ರವರ್ಧಕ, ಅರ್ಥಾತ್ ಆಂಪ್ಲಿಫೈಯರ್, ಇಂದು ಅನಿವಾರ್ಯವೆನಿಸಿದೆ. ಭಾಗವತರ ಕಂಠವು ಮೈಕಿನ ಮೂಲಕವೂ, ವೀಣೆ ಗಿಟಾರುಗಳ ನಾದವು ಬಹುಮಟ್ಟಿಗೆ ಪಿಕಪ್ಪಿನ ಮೂಲಕವೂ ಅದನ್ನು ಸೇರುತ್ತವೆ. ಆದರೆ ಎಲ್ಲವನ್ನೂ ಒಂದೇ ಬಗೆಯ ಪ್ರವೇಶಕ್ಕೆ ಜೋಡಿಸಬಹುದೆಂಬ ಭಾವನೆ ಸರಿಯಲ್ಲ.

ಪರ್ಯಾಯ ವಿದ್ಯುತ್ತಿಗೆ ಒದಗುವ ತಡೆಯನ್ನು ಇಂಪಿಡೆನ್ಸ್ ಎನ್ನುತ್ತೇವೆ. ಡೈನಮಿಕ್ ಮೈಕಿನಲ್ಲಿ ಇದು ಸಾಮಾನ್ಯವಾಗಿ 150ರಿಂದ 600 ಓಮ್. ಕೆಲವು ಸಾವಿರ ಓಮಿನ ಪ್ರವೇಶ ಅದಕ್ಕೆ ಸಾಕು. ವೀಣೆಗೆ ಅಂಟಿಸುವ ಪೀಜೋ ಪಿಕಪ್ಪಾದರೋ ಕಂಡೆನ್ಸರಿನಂತೆ ವರ್ತಿಸುತ್ತದೆ. ಅದರ ಧಾರಕತೆ 1 ನ್ಯಾನೊಫ್ಯಾರಡ್ ಎಂದಿಟ್ಟುಕೊಳ್ಳೋಣ. ಪ್ರವೇಶದ ಇಂಪಿಡೆನ್ಸ್ 10,000 ಓಮ್ ಆದಲ್ಲಿ, ಸೆಕೆಂಡಿಗೆ ಸುಮಾರು 16,000 ಕಂಪನಗಳಿಗಿಂತ ಕೆಳಗಿನ ನಾದವೆಲ್ಲ ಕ್ಷೀಣಿಸುತ್ತದೆ. ಮಂದ್ರವಳಿದು ವೀಣೆ ತಗಡಿನಂತೆ ಕೇಳಿಸುತ್ತದೆ. 10 ಲಕ್ಷ ಓಮಿಗೆ ಈ ಮಿತಿ 160ಕ್ಕೂ, 1 ಕೋಟಿ ಓಮಿಗೆ 16ಕ್ಕೂ ಇಳಿಯುವುದು. ಆದುದರಿಂದ ವಾದ್ಯದ ಬಳಿಯಲ್ಲಿಯೇ ಪೂರ್ವಪ್ರವರ್ಧಕವೊಂದನ್ನು ಇರಿಸುವುದು ಯುಕ್ತ. ಅಲ್ಲಿಂದ ಮುಂದಿನ ದೀರ್ಘ ದೂರಕ್ಕೆ, ಎರಡು ತಂತಿ ಹಾಗೂ ಕವಚವುಳ್ಳ ಸಮತೋಲಿತ ಕೇಬಲು ಗದ್ದಲವನ್ನು ತಡೆಯುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಗುಂಯ್‌ಗುಟ್ಟುವ ಸದ್ದನ್ನು ನಿಲ್ಲಿಸಲು ಪ್ಲಗ್ಗಿನ ಭೂಸಂಪರ್ಕವನ್ನು ಕಡಿಯುವುದು ಪ್ರಾಣಾಪಾಯಕರ. ವಿದ್ಯುತ್ ಗಿಟಾರಿನ ತಂತಿಗಳು ಸಾಮಾನ್ಯವಾಗಿ ಕೇಬಲಿನ ಕವಚದ ಮೂಲಕ ಪ್ರವರ್ಧಕದ ಲೋಹಪೆಟ್ಟಿಗೆಯೊಡನೆ ಕೂಡಿರುತ್ತವೆ. ಒಳಗೆ ದೋಷವುಂಟಾದರೆ ವಾದಕನ ದೇಹವೇ ವಿದ್ಯುತ್ತಿಗೆ ದಾರಿಯಾಗುವುದು. ಪತ್ತನಾಜೆಯ ಸುಮಾರಿಗೆ, ಮಳೆಗೆ ನೆನೆದ ಬಯಲಿನಲ್ಲಿ, ಈ ಭಯ ಇನ್ನೂ ಅಧಿಕ. ಸಕಲ ಉಪಕರಣಗಳಿಗೂ ಒಂದೇ ಕಡೆಯಿಂದ ವಿದ್ಯುತ್ತನ್ನು ಪಡೆಯುವುದು, ಸಂಕೇತದ ಮಾರ್ಗದಲ್ಲಿ ಪ್ರತ್ಯೇಕಕ ಟ್ರಾನ್ಸ್‌ಫಾರ್ಮರನ್ನು ಅಳವಡಿಸುವುದು—ಇವೇ ಆ ಸದ್ದಿಗೆ ನಿರಪಾಯವಾದ ಪರಿಹಾರಗಳು.