ಹುಳುಗಳಿಂದ ನೀರಿನ ಲೋಹವಿಷದ ಪರೀಕ್ಷೆ

ಸೀಸ, ತಾಮ್ರ, ಕ್ಯಾಡ್ಮಿಯಂ ಮುಂತಾದ ಲೋಹಗಳು ಕರಗಿದ್ದರೂ ನೀರು ತಿಳಿಯಾಗಿಯೇ ಕಾಣುವುದುಂಟು. ರಾಸಾಯನಿಕ ಪರೀಕ್ಷೆಯು ಲೋಹದ ಪ್ರಮಾಣವನ್ನು ತಿಳಿಸುವುದೇ ಹೊರತು, ಅದರಿಂದ ಜೀವಿಗಳಿಗಾಗುವ ಹಾನಿಯನ್ನು ನೇರವಾಗಿ ತೋರಿಸಲಾರದು. ಇದಕ್ಕಾಗಿ ಪ್ರಯೋಗಶಾಲೆಗಳಲ್ಲಿ ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ, ಸುಮಾರು 1 ಮಿಲಿಮೀಟರ್ ಉದ್ದದ ದುಂಡುಹುಳುವನ್ನು ಉಪಯೋಗಿಸುವರು. ಇದು 20 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಸುಮಾರು 3 ದಿನಗಳಲ್ಲಿ ಬೆಳೆದು ಮೊಟ್ಟೆಯಿಡುವುದು. ಇದರ ಮರಿಗಳನ್ನು ಪರೀಕ್ಷಿಸತಕ್ಕ ನೀರಿನಲ್ಲಿಯೂ ಲೋಹವಿಲ್ಲದ ನೀರಿನಲ್ಲಿಯೂ ಬೇರೆಬೇರೆಯಾಗಿ ಆಹಾರಸಹಿತ 96 ಗಂಟೆಗಳ ಕಾಲವಿಟ್ಟು, ಬೆಳವಣಿಗೆಯನ್ನೂ ಸಂತತಿಯನ್ನೂ ಹೋಲಿಸುವರು. ವಿಷವು ಅಲ್ಪವಾಗಿದ್ದರೆ ಹುಳುಗಳು ಸಾಯದೆ ಗಿಡ್ಡಾಗಿಯೇ ಉಳಿಯಬಹುದು, ಸಂತತಿಯೂ ಕುಗ್ಗಬಹುದು. ಆದರೆ ಹಾನಿಮಾಡಿದ ಲೋಹ ಯಾವುದೆಂಬುದು ಹುಳುವಿನಿಂದ ತಿಳಿಯದು. ಹುಳು ಬದುಕಿದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದೂ ಭಾವಿಸಕೂಡದು. ಆದಕಾರಣ ಕಾರ್ಖಾನೆಯ ಕೊಳೆನೀರು ಸೇರುವ ಕೆರೆ ಬಾವಿಗಳ ನೀರನ್ನು ಜನರೂ ದನಕರುಗಳೂ ಬಳಸುವುದಕ್ಕೆ ಮುಂಚೆ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ರಾಸಾಯನಿಕ ಪರೀಕ್ಷೆಯನ್ನು ತಪ್ಪದೆ ಮಾಡಿಸತಕ್ಕದ್ದು.